ಉದ್ದ ಡಿಕ್ಕಿಯ ಕಾರು, ಹುರಳಿ ಹಾಸಿದ ರಸ್ತೆ

ಗಂಗಾವತಿ
೧೧ ಜನವರಿ ೨೦೨೫, ಶನಿವಾರ

ಮಗಳು ಅಮೃತಾ ತಂಗಿಗೆ,

ಮೊದಲ ಸಾಲಿನಲ್ಲಿ ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆದೆ, ಹೊಡೆದು ಹಾಕಿದೆ, ಹೊಸ ಹಾಳೆ ತೆಗೆದುಕೊಂಡೆ. ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಿನಗೆ ಕಾಗದ ಬರೆಯುತ್ತಿದ್ದೆ. ಅದರಲ್ಲೂ ಉಂಡಿ ಕಳಿಸಿದ ಡಬ್ಬಿ ವಾಪಸ್ ತಾ ಎಂಬುದೇ ದೊಡ್ಡ ವಿಷಯವಾಗಿರುತ್ತಿತ್ತು. ಇಷ್ಟು ವರ್ಷಗಳ ಮೇಲೆ ಮತ್ತೆ ಯಾಕೆ ಅಂದರೆ, ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಊರಿಗೆಲ್ಲ ಮಾತು ಹೇಳಿ ಹಳೆ ಗಾಡಿ ಮಾರುವವಳು ಮಗಳ ಮುಂದೆ ಮಾತ್ರ ಗಿರಾಕಿಯಾಗಿ ನಿಂತುಬಿಡುತ್ತೇನೆ. ವಾಟ್ಸಾಪಿನಲ್ಲಿ ಬರೆದರೆ ನೀನು ಮೀಟಿಂಗಿನ ನಡುವೆ ಓದಿ ಒಂದು ಹೆಬ್ಬೆಟ್ಟು ಕಳಿಸುತ್ತೀ. ಇದಕ್ಕೆ ಹೆಬ್ಬೆಟ್ಟು ಸಾಲುವುದಿಲ್ಲ.

ಮಂಗಳವಾರ ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ. ನಿಮ್ಮ ಕಂಪನಿಯವರು ಓಡಿಸಿ ನೋಡಿ ಎಂದು ನನ್ನ ಹತ್ತಿರ ಬಿಟ್ಟುಹೋದ ಕಾರಿಗೆ ಬೇವೂರಿನ ಬಳಿ ಸ್ವಲ್ಪ ಶಾಖ ತಗುಲಿದೆ, ನಮ್ಮ ಗ್ಯಾರೇಜಿನ ನಜೀರಸಾಬರ ಕೈಗೆ ಸ್ವಲ್ಪ ಬಿಸಿ ಮುಟ್ಟಿದೆ. ನೀನು ಎರಡು ಪ್ರಶ್ನೆ ಕೇಳಿದೆ. ಯಾರಾದರೂ ಫೋಟೋ ತೆಗೆದರಾ? ಪೊಲೀಸರು ಬಂದರಾ? ಎರಡಕ್ಕೂ ಇಲ್ಲ ಅಂದೆ, ಅವತ್ತಿನ ಮಟ್ಟಿಗೆ ಅದು ನಿಜವೇ. ಆಮೇಲೆ ನೀನು ಸಣ್ಣ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಇದು ಕಾರಿನ ದೋಷ ಅಲ್ಲ, ಬಳಸಿದವರ ತಪ್ಪು. ಇಪ್ಪತ್ತನೇ ತಾರೀಖಿಗೆ ಪುಣೆಯ ಕಚೇರಿಗೆ ಹೊರದೇಶದ ದೊಡ್ಡವರೆಲ್ಲ ಬಂದು, ಈ ಕಾರನ್ನು ಇಂಡಿಯಾಕ್ಕೆ ತರಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಅಲ್ಲಿಯ ತನಕ ಈ ಸುದ್ದಿ ಎತ್ತಬೇಡ. ನಾನು ಆತವ್ವ ಅಂದೆ.

ಆ ಮಾತನ್ನು ವಾಪಸ್ ಪಡೆಯಲು ಈ ಕಾಗದ ಬರೆಯುತ್ತಿದ್ದೇನೆ.

ಮೊದಲು ವ್ಯಾಪಾರದ ಮಾತು ಮುಗಿಸುತ್ತೇನೆ, ಇಲ್ಲದಿದ್ದರೆ ಅವ್ವನಿಗೆ ಹೆದರಿಕೆಯಿಂದ ತಲೆ ಕೆಟ್ಟಿದೆ ಅನ್ನುತ್ತೀ. ಎಲ್ಲರೂ ಎತ್ತರದ ಗಾಡಿಯ ಬೆನ್ನು ಹತ್ತಿರುವ ಈ ದೇಶದಲ್ಲಿ ಮಧ್ಯಮ ಗಾತ್ರದ ಸೆಡಾನ್ ನಡೆಯುತ್ತದೆ ಎಂದು ನೀನು ಮೂರು ವರ್ಷದಿಂದ ನಿನ್ನ ಮೇಲಿನವರ ಜೊತೆ ವಾದ ಮಾಡುತ್ತಿದ್ದೀ. ನಿನ್ನ ವಾದ ಸುಳ್ಳಲ್ಲ. ನನ್ನ ಅಂಗಳಕ್ಕೆ ಬಂದು ಕೂತು ನೋಡು. ರೈಸ್‌ಮಿಲ್ಲಿನ ಮಾಲೀಕನಿಗೂ ಅವನ ಗುಮಾಸ್ತನಿಗೂ ಒಂದೇ ನಮೂನೆಯ ಎತ್ತರದ ಗಾಡಿ ಬಂದ ಮೇಲೆ ಮಾಲೀಕನಿಗೆ ನಿದ್ದೆ ಇಲ್ಲ. ಬ್ಯಾರೆ ಏನರ ಐತೇನ್ರಿ ಎಂದು ನನ್ನನ್ನೇ ಬಂದು ಕೇಳುತ್ತಾನೆ. ಮೊಣಕಾಲು ನೋವಿನ ಅತ್ತೆಯರಿಗೆ ಸೀರೆ ಎತ್ತಿ ಹಿಡಿದು ಆ ಗಾಡಿ ಏರುವುದು ಬೇಡವಾಗಿದೆ. ಬೀಗರ ಮನೆಗೆ ರೊಟ್ಟಿ, ಕೆಂಪುಖಾರ, ಬಳ್ಳೊಳ್ಳಿ ಚಟ್ನಿ ಒಯ್ಯುವಾಗ ಡಿಕ್ಕಿ ಬೇರೆ ಇದ್ದರೆ ಒಳಗೆ ಕೂತವರ ರೇಷ್ಮೆ ಸೀರೆಗೆ ವಾಸನೆ ಹತ್ತುವುದಿಲ್ಲ. ಇದೆಲ್ಲ ನಿಮ್ಮ ಲೆಕ್ಕದ ಹಾಳೆಯಲ್ಲಿ ಇರುವುದಿಲ್ಲ, ಆದರೆ ಕೊಳ್ಳುವವನ ಹೆಂಡತಿಯ ಲೆಕ್ಕದಲ್ಲಿ ಇರುತ್ತದೆ. ಗಾಡಿ ಮಾರಾಟವಾಗುವುದು ಅಲ್ಲಿ.

ಇದನ್ನೇ ನಾನು ನಿಮ್ಮ ಕಂಪನಿಗೆ ಕೊಟ್ಟ ಡಿಸೆಂಬರಿನ ವರದಿಯಲ್ಲಿ ಹೇಳಿ ಬರೆಸಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಗೆ ಫಸ್ಟ್ ಕ್ಲಾಸ್ ಎಂದಿದ್ದೆ. ಆ ಹೊತ್ತಿಗೆ ಕಾರು ಓಡಿದ್ದು ಎಲ್ಲಿ? ಗಂಗಾವತಿ ಪೇಟೆ, ಕೊಪ್ಪಳದ ದೊಡ್ಡ ರಸ್ತೆ, ಹೆಚ್ಚೆಂದರೆ ನವಲಿ. ನೀರಿರುವ ಕಡೆ, ಭತ್ತ ಬೆಳೆಯುವ ಕಡೆ, ಮಷಿನ್ ಬಂದು ರಾಶಿ ಮಾಡಿಕೊಡುವ ಕಡೆ. ಕುಷ್ಟಗಿ, ಯಲಬುರ್ಗಾದ ಒಣ ಭೂಮಿಯ ಉತ್ತರವನ್ನು ನಾನು ಇಲ್ಲಿ ಖುರ್ಚಿಯ ಮೇಲೆ ಕೂತು ತುಂಬಿಸಿದೆ.

ನಿಮ್ಮ ಹೊರದೇಶದ ಸಾಹೇಬರು ಬಂದಿದ್ದರಲ್ಲ, ಅವರು ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತ ಒಂದು ಮಾತು ಕೇಳಿದ್ದರು, ನೀನೇ ಕನ್ನಡ ಮಾಡಿ ಹೇಳಿದ್ದೆ. ನಿಮ್ಮ ಜನ ಕಾರನ್ನು ರಸ್ತೆಯ ಮೇಲೆ ಓಡಿಸುವುದು ಬಿಟ್ಟು ಇನ್ನು ಯಾವುದಕ್ಕಾದರೂ ಬಳಸುತ್ತಾರೆಯೇ? ಹುರಳಿಯ ಮಾತು ಆಗಲೇ ನನ್ನ ಬಾಯಿಯ ತುದಿಗೆ ಬಂದಿತ್ತು. ಹುರಳಿ ಕಿತ್ತ ಮೇಲೆ ಒಣಬಳ್ಳಿಯನ್ನು ಟಾರು ರಸ್ತೆಗೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳೇ ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಡುತ್ತವೆ, ಸರಕಾರ ಬೇಡ ಅಂದರೂ ಪ್ರತಿ ಚಳಿಗಾಲ ಹಾಸುತ್ತಾರೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸೂಟು ಹಾಕಿದ ಮನುಷ್ಯನ ಮುಂದೆ, ಅದಕ್ಕಿಂತ ಹೆಚ್ಚಾಗಿ ನಿನ್ನ ಮುಂದೆ, ನಮ್ಮದು ರಸ್ತೆಯನ್ನೇ ಕಣ ಮಾಡಿಕೊಂಡ ಊರು ಎನ್ನಲು ನಾಚಿಕೆಯಾಯಿತು. ಮದುವೆಗೆ, ದವಾಖಾನೆಗೆ, ಕೋರ್ಟಿಗೆ ಬಳಸುತ್ತೇವೆ ಎಂದು ಹೇಳಿ ನಕ್ಕೆ. ಅವರೂ ನಕ್ಕರು. ಕಾರು ಇಲ್ಲಿಗೆ ಬಂದರೆ ಈ ಜಿಲ್ಲೆಯ ಶೋರೂಮು ನನಗೇ ಎಂದು ಹೇಳಿ ಕೈಕುಲುಕಿ ಹೋದರು. ಬೇರೆಯವರು ಓಡಿಸಿ ಬಿಟ್ಟ ಗಾಡಿಗಳನ್ನೇ ತೊಳೆದು ಮಾರುತ್ತ ಬಂದವಳಿಗೆ ಆ ಕೈಕುಲುಕು ಎಂಥದ್ದು ಎಂದು ನಿನಗೆ ಬೇರೆ ಹೇಳಬೇಕಿಲ್ಲ.

ಇನ್ನು ಸೋಮವಾರದ ಮಾತು.

ಕುಷ್ಟಗಿಯಲ್ಲಿ ಒಂದು ಗಾಡಿ ನೋಡಿಕೊಂಡು, ಬೇವೂರಿನ ಮೇಲೆ ಯಲಬುರ್ಗಾಕ್ಕೆ ಹೊರಟಿದ್ದೆವು. ನಜೀರಸಾಬರು ಓಡಿಸುತ್ತಿದ್ದರು, ನಾನು ಹಿಂದೆ ಸಾಹುಕಾರ್ತಿಯ ಹಾಗೆ ಕೂತಿದ್ದೆ. ಬೇವೂರಿನ ಹತ್ತಿರ ರಸ್ತೆ ತುಂಬ ಹುರಳಿ ಹಾಸಿತ್ತು. ಬದಿಯಿಂದ ನಿಧಾನವಾಗಿ ದಾಟಿಸಿದರು. ದಾಟಿದ ಮೇಲೆ ಒಬ್ಬ ಅಜ್ಜಿ ಕೈ ಮಾಡಿ ನಿಲ್ಲಿಸಿದಳು. ಮುದಕಮ್ಮ ಎಂದು ಹೆಸರು. ಬೆಳಗಿನಿಂದ ಗಾಡಿಗಳೇ ಕಡಿಮೆ, ಕಾಳು ಬಿಟ್ಟಿಲ್ಲ, ನಾಲ್ಕು ಸಲ ಹಿಂದೆ ಮುಂದೆ ಹಾಯಿಸಿ ಕೊಡಿರಿ ಎಂದು ಕೇಳಿದಳು. ನಮ್ಮ ಕಡೆ ಇದಕ್ಕೆ ಇಲ್ಲ ಅನ್ನುವವರಿಲ್ಲ, ನಿನಗೆ ಗೊತ್ತು. ಲಾರಿಯವರೂ ಒಂದು ಸುತ್ತು ಹೊಡೆದು ಹೋಗುತ್ತಾರೆ. ನಜೀರಸಾಬರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ಗಾಡಿಯ ಹೊಟ್ಟೆ ಕೆಳಗೈತಿ ಅಕ್ಕಾರ ಅಂದರು. ರಸ್ತೆ ಬದಿಗೆ ಕೂತ ಹೆಣ್ಣುಮಕ್ಕಳೆಲ್ಲ ಇದು ಯಾವ ಗಾಡಿ ಎಂದು ಕಣ್ಣು ಹಿಗ್ಗಿಸಿ ನೋಡುತ್ತಿದ್ದರು. ನನಗೂ ಹಿಗ್ಗು ಬಂತು. ಹಾಯಿಸಿರಿ ಅಂದೆ.

ಎತ್ತರದ ಗಾಡಿಯಾಗಿದ್ದರೆ ಬಳ್ಳಿ ಕೆಳಗೇ ಉಳಿಯುತ್ತಿತ್ತೇನೋ. ಇದರಲ್ಲಿ ಅದು ಸುತ್ತಿಕೊಂಡು ಮೇಲೆ ಹೋಗಿ, ಕಾದ ಸೈಲೆನ್ಸರ್ ಕೊಳವೆಯ ಪಕ್ಕದ ಸಂದಿನಲ್ಲಿ ಗಿಡಿದು ಕೂತಿತು. ಸುಟ್ಟ ವಾಸನೆ ಬಂತು, ಗಾಡಿ ನಿಲ್ಲಿಸಿ ಇಬ್ಬರೂ ಇಳಿದೆವು. ಮುಂದಿನ ಗಾಲಿಯ ಹಿಂದಿನಿಂದ ಹೊಗೆ ಬರುತ್ತಿತ್ತು, ಬೆಂಕಿ ಇನ್ನೂ ಕಾಣುತ್ತಿರಲಿಲ್ಲ.

ಫೋನಿನಲ್ಲಿ ನಾನು ಹೇಳಿದ್ದು, ನಜೀರಸಾಬರು ತಾವಾಗಿಯೇ ಕೈ ಹಾಕಿದರು ಎಂದು. ಅದು ಸುಳ್ಳು. ಅವರು ನನ್ನ ರಟ್ಟೆ ಹಿಡಿದು ದೂರ ಸರಿಸಿ, "ಹೋದ್ರ ಗಾಡಿ ಹೋಗಲಿ, ನೀವು ಇತ್ಲಾಗ ಬರ್ರಿ ಅಕ್ಕಾರ," ಅಂದರು. ನಾನು, "ಅದು ನಮ್ಮ ಅಮೃತಾನ ಗಾಡಿ ಐತ್ರಿ, ಹೆಂಗರ ಮಾಡಿ ಉಳಸ್ರಿ," ಅಂದೆ.

ಅವರು ರಸ್ತೆಯ ಮೇಲೆ ಮಲಗಿ, ಕೆಳಗೆ ಕೈ ತೂರಿಸಿ ಬಳ್ಳಿ ಜಗ್ಗಿದರು. ಜಗ್ಗಿದ ಕೂಡಲೇ ಒಳಗೆ ಗಾಳಿ ಆಡಿ, ಭಗ್ಗೆಂದು ಹತ್ತಿಕೊಂಡಿತು. ಬಲಗೈ, ಮೊಣಕೈಯ ತನಕ. ಊರವರು ಮಣ್ಣು ಎರಚಿ ಆರಿಸಿದರು. ಗಾಡಿಯ ಕೆಳಗಿನ ವೈರೆಲ್ಲ ಕರಗಿ ಮುದ್ದೆಯಾಗಿವೆ. ಮೇಲಿನ ಬಣ್ಣಕ್ಕೆ ಏನೂ ಆಗಿಲ್ಲ. ಈಗಲೂ ದೂರದಿಂದ ನೋಡಿದರೆ ಶೋರೂಮಿಗೆ ಇಡುವ ಹಾಗಿದೆ. ನಮ್ಮ ಅಂಗಳಕ್ಕೆ ಎಳೆಸಿ ತಂದು ಅದರ ಮೇಲೆ ತಾಡಪತ್ರಿ ಹೊದಿಸಿದ್ದೇನೆ, ನನ್ನ ಕಣ್ಣಿಗೆ ಬೀಳಬಾರದು ಎಂದು.

ರಸ್ತೆಗೆ ಹಾಸಿದ ಹುರಳಿಗೂ ಬೆಂಕಿ ಹತ್ತಿ ಅರ್ಧ ರಾಶಿ ಬೂದಿಯಾಯಿತು. ಮುದಕಮ್ಮ ಅದರ ಕಡೆ ನೋಡಲೇ ಇಲ್ಲ. ನಜೀರಸಾಬರನ್ನು ದಾರಿಯಲ್ಲಿ ಬಂದ ಜೀಪಿಗೆ ಹತ್ತಿಸುವಾಗ ನನ್ನ ಸೆರಗು ಹಿಡಿದು, "ನಾ ಕೈ ಮಾಡಿ ನಿಲ್ಲಸಬಾರದಿತ್ತ ಯವ್ವಾ, ನನ್ನ ಕಾಳಿನ ಆಶಾಕ್ಕ ಆ ಅಣ್ಣನ ಕೈ ಹೋತು," ಅಂದಳು. ಬಳಸಿದವರ ತಪ್ಪು ಎಂದು ನೀನು ಅಂದಾಗ ನನಗೆ ನೆನಪಾದದ್ದು ಈ ಮಾತು. ನಿಮ್ಮ ಕಂಪನಿ ಮುಂದೆ ಇಂಗ್ಲಿಷಿನಲ್ಲಿ ಬರೆಯುವುದನ್ನು ಆ ಅಜ್ಜಿ ಆಗಲೇ ಒಪ್ಪಿಕೊಂಡು ಕೂತಿದ್ದಾಳೆ. ಅವಳಿಂದ ಒಪ್ಪಿಸಿಕೊಳ್ಳಲು ನಿಮಗೆ ವಕೀಲರೂ ಬೇಕಾಗಿಲ್ಲ.

ನಿನ್ನ ನಜೀರ ಕಾಕಾ ಈಗ ಕೊಪ್ಪಳದ ದವಾಖಾನೆಯಲ್ಲಿದ್ದಾರೆ. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಬೇಕು ಎಂದು ಡಾಕ್ಟರು ಹೇಳುತ್ತಾರೆ. ಬೆರಳು ಮೊದಲಿನಂತೆ ಮಡಚುತ್ತವೋ ಇಲ್ಲವೋ ಎಂದರೆ ಆ ಪ್ರಶ್ನೆಯನ್ನು ಇನ್ನೊಬ್ಬ ಡಾಕ್ಟರಿಗೆ ಕೇಳಿ ಅನ್ನುತ್ತಾರೆ. ನಾನು ಈ ಧಂದೆ ಶುರು ಮಾಡಿದ ದಿನದಿಂದ ನಾನು ಮಾತಾಡಿದೆ, ಅವರು ಪಾನಾ ಹಿಡಿದು ಗಾಡಿ ರಿಪೇರಿ ಮಾಡಿದರು. ನಮ್ಮ ಪಾಲುದಾರಿಕೆ ಅಷ್ಟೇ. ನನ್ನ ಬಾಯಿ ಇನ್ನೂ ಗಟ್ಟಿಯಾಗಿದೆ. ಅವರ ಬಾಯಿಗೆ ಹೆಂಡತಿ ಮೆಹರಾಜ ತುತ್ತು ಮಾಡಿ ಇಡುತ್ತಾಳೆ. ಇದು ಹೇಗಾಯಿತು ಎಂದು ಅವಳು ನನ್ನನ್ನು ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಹಗುರಾಗುತ್ತಿದ್ದೆ. ಅಮೃತಾಗ ಹೇಳೀರೇನ್ರಿ, ಹುಡುಗಿ ಅಲ್ಲಿ ಒಬ್ಬಾಕಿ ಗಾಬರಿ ಆಕ್ಕಾಳ, ಎಂದಷ್ಟೇ ಕೇಳಿದಳು. ನೀನು ಗಾಬರಿಯಾಗಿಲ್ಲ ಎಂದು ಅವಳಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ನಿನ್ನೆ ಅವರ ಮಂಚದ ಹತ್ತಿರ ಕೂತು, ನೀನು ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ಸಿಟ್ಟಾಗುತ್ತಾರೆ, ನಾಲ್ಕು ಮಾತು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು, "ಖರೇ ಹೇಳ್ಯಾಳ್ರಿ. ಹುಡುಗಿ ನೌಕರಿ ಐತಿ. ದವಾಖಾನಿ ಕಾಗದದಾಗ ಸ್ಟವ್ ಸಿಡೀತು ಅಂತ ಬರಸೂಣು, ಬಿಡ್ರಿ," ಅಂದರು.

ತಂಗಿ, ನೀನು ಹೇಳಿದ್ದೇ ಸರಿ ಎಂದು ಸುಟ್ಟ ಕೈಯವರು ಹೇಳಿದ ಮೇಲೆ ನನಗೆ ಅಲ್ಲಿ ಕೂಡಲಾಗಲಿಲ್ಲ.

ನೀನು ಕೆಟ್ಟವಳು ಎಂದು ನಾನು ಬರೆಯುತ್ತಿಲ್ಲ. ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿ ಕೆಳಗೆ ಒಂದು ಪ್ಲೇಟು ಹಾಕುವುದು ನಮ್ಮ ಗ್ಯಾರೇಜಿನಲ್ಲಿ ಒಂದು ದಿನದ ಕೆಲಸ, ನಿಮ್ಮಲ್ಲಿ ಒಂದೂವರೆ ವರ್ಷದ್ದು ಎಂಬುದು ನನಗೂ ಗೊತ್ತು. ಅಷ್ಟು ತಡವಾದರೆ ನಿಮ್ಮವರು ಈ ದೇಶವೇ ಬೇಡ ಎಂದು ಕೈತೊಳೆದುಕೊಳ್ಳಬಹುದು. ನಿನ್ನ ಮೂರು ವರ್ಷ ನೀರಿಗೆ ಹೋಗುತ್ತದೆ, ನಿನ್ನ ಜೊತೆ ವಾದ ಮಾಡಿದವರು ಕಾಫಿ ಕುಡಿಯುತ್ತ ನಗುತ್ತಾರೆ. ನನ್ನ ಶೋರೂಮು ಅಲ್ಲಿಗೆ ಮುಗಿಯಿತು. ಇದೆಲ್ಲವನ್ನೂ ಒಂದು ಕಡೆ ಬರೆದುಕೊಂಡೇ ಮಾತಾಡುತ್ತಿದ್ದೇನೆ.

ಆದರೆ ನಿಮ್ಮ ಕಂಪನಿಗೆ ನಮ್ಮ ಪೇಟೆ ಪರದೇಶ. ಪರದೇಶಕ್ಕೆ ಬಂದವರಿಗೆ ಅಲ್ಲಿಯವರು ಹೇಗೆ ಬದುಕುತ್ತಾರೆ ಎಂದು ಹೇಳಲು ಒಬ್ಬರು ಬೇಕು. ಅದಕ್ಕೆಂದೇ ನಿನಗೆ ಸಂಬಳ ಕೊಡುತ್ತಾರೆ. ನೀನು ಇಲ್ಲಿ ಹುಟ್ಟಿದವಳು. ಸಣ್ಣವಳಿದ್ದಾಗ ತಳಕಲ್ಲಿನ ರಸ್ತೆಯಲ್ಲಿ ಹುರಳಿ ಹೊಟ್ಟಿನ ಮೇಲೆ ಉರುಳಾಡಿ ಮೈಯೆಲ್ಲ ತುರಿಸಿಕೊಂಡು ಬಂದವಳು. ಹೀಗೆ ಬಳಸುತ್ತಾರೆಂದು ಯಾರಿಗೆ ಗೊತ್ತಿತ್ತು ಎಂದು ನಿಮ್ಮ ಸಾಹೇಬರು ಅನ್ನಬಹುದು. ನೀನು ಅನ್ನುವ ಹಾಗಿಲ್ಲ. ನಾನಂತೂ ಅನ್ನುವ ಹಾಗೇ ಇಲ್ಲ.

ನಿನ್ನ ಕಾರು ಇಲ್ಲಿ ನಡೆಯುತ್ತದೆಯೇ ಎಂದು ಕೇಳಿದರೆ ಈಗಲೂ ನಡೆಯುತ್ತದೆ ಎಂದೇ ಹೇಳುತ್ತೇನೆ. ಈಗಿರುವ ಹೊಟ್ಟೆ ಇಟ್ಟುಕೊಂಡು ನಡೆಯುವುದಿಲ್ಲ. ಮುಂದಿನ ಚಳಿಗಾಲ ಇದನ್ನು ಕೊಂಡವನು ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಬೇವೂರಿನ ಮೇಲೆ ಹೊರಡುತ್ತಾನೆ, ಇನ್ನೊಬ್ಬ ಮುದಕಮ್ಮ ಕೈ ಮಾಡುತ್ತಾಳೆ, ಅವನು ನಿಲ್ಲಿಸುತ್ತಾನೆ. ನಮ್ಮ ಜನ ನಿಲ್ಲಿಸುತ್ತಾರೆ. ಇಪ್ಪತ್ತನೇ ತಾರೀಖು ನೀನು ಎದ್ದು ನಿಂತು ಇದನ್ನು ಹೇಳಬೇಕು. ಅವ್ವ ವರದಿಯಲ್ಲಿ ಸುಳ್ಳು ಬರೆಸಿದಳು ಎಂದೇ ಹೇಳು, ನನಗೆ ಬೇಸರವಿಲ್ಲ.

ಸಂಕ್ರಾಂತಿಗೆ ಬರುವುದಿಲ್ಲ ಅಂದಿದ್ದೀ. ಸಭೆ ಮುಗಿಸಿಕೊಂಡು ಬಾ. ಬಂದವಳು ನಮ್ಮ ಮನೆಗಿಂತ ಮೊದಲು ಕೊಪ್ಪಳದಲ್ಲಿ ಇಳಿದು ಕಾಕಾನನ್ನು ನೋಡು. ಅವರು ಎಡಗೈಯಲ್ಲಿ ಸಲಾಂ ಮಾಡುತ್ತಾರೆ, ನೀನು ಅಳಬೇಡ, ಅವರಿಗೆ ಮುಜುಗರವಾಗುತ್ತದೆ.

ನಿನ್ನ ಅವ್ವ,
ಪಾರ್ವತೆಮ್ಮ

ತಾ.ಕ.: ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಇನ್ನೊಂದು ಕಾಗದ ನಿಮ್ಮ ಸಾಹೇಬರ ಮೇಜಿನ ಮೇಲೆ ಇರುತ್ತದೆ. ನಿನ್ನೆಯೇ ಸ್ಪೀಡ್ ಪೋಸ್ಟಿಗೆ ಹಾಕಿದೆ. ನಮ್ಮ ಓಣಿಯ ಕಾಲೇಜು ಮೇಷ್ಟ್ರ ಕೈಯಲ್ಲಿ ಇಂಗ್ಲಿಷ್ ಮಾಡಿಸಿ ನಾನೇ ಸಹಿ ಹಾಕಿದ್ದೇನೆ, ಗಾಡಿಯ ಕೆಳಗಿನ ಫೋಟೋ, ಕೈಯ ಫೋಟೋ ಎರಡನ್ನೂ ಇಟ್ಟಿದ್ದೇನೆ. ನಿನ್ನ ಮಾತಿಗೆ ಕಾಯಬಹುದಿತ್ತು. ನೀನು ನನ್ನ ಮಗಳು ಎಂಬ ಕಾರಣಕ್ಕೇ ಕಾಯಲಿಲ್ಲ. ನಾನು ಎಷ್ಟು ಚೆಂದ ಮಾತಾಡಿ ಎಂಥ ಗಾಡಿ ಮಾರಬಲ್ಲೆ ಎಂದು ನನಗೆ ಗೊತ್ತು, ಆ ಬಾಯಿ ನಿನಗೂ ಬಂದಿದೆ. ಆ ಕಾಗದದ ಕೊನೆಗೆ, ಈ ವಿಷಯ ನನ್ನ ಮಗಳಿಗೆ ಇನ್ನೂ ಗೊತ್ತಿಲ್ಲ ಎಂದು ಒಂದು ಸಾಲು ಬರೆಸಿದ್ದೇನೆ. ಅದರಲ್ಲಿ ಇರುವ ಸುಳ್ಳು ಅದೊಂದೇ. ಅವರು ಕರೆದು ಕೇಳಿದಾಗ ಆ ಸುಳ್ಳನ್ನು ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ನಾನು ಹೇಳುವುದಿಲ್ಲ.