ಅರ್ಧ ತರಗತಿಯ ಹಾಡು

ಮಾರ್ಚ್ ೧೧, ಮಂಗಳವಾರ.

ಶಾಲೆಯ ಹಾಡು ಇವತ್ತೂ ಪೂರ್ತಿ ಸಿಗಲಿಲ್ಲ. ಕೇಳಿದ ಗೆಳತಿಯರಿಗೆಲ್ಲ ರಾಗ ಮಾತ್ರ ನೆನಪು. ಟೀಚರ್ ಕಿಟಕಿ ಕಡೆಯವರಿಗೆ ಒಂದು ಸಾಲು, ಬಾಗಿಲ ಕಡೆಯವರಿಗೆ ಮುಂದಿನ ಸಾಲು ಅಂತ ಹಂಚಿ ಕಲಿಸಿದ್ದರು. ಜೊತೆಗಿದ್ದರೆ ವಟವಟ ನಿಲ್ಲಿಸಲ್ಲ ಅಂತ ಅವಳಿಗಳಾದ ನಮ್ಮನ್ನು ಬೇರೆ ಮಾಡಿದ್ದರು. ನನಗೆ ಬರುವುದು ಬಾಗಿಲ ಕಡೆಯ ಸಾಲುಗಳಷ್ಟೇ. ಉಳಿದದ್ದು, ಐದು ನಿಮಿಷ ಮೊದಲು ಹುಟ್ಟಿ ಅಕ್ಕ ಅನ್ನಿಸಿಕೊಂಡವಳ ಬಾಯಲ್ಲಿತ್ತು. ಅವಳು ತೀರಿಕೊಂಡು ಎರಡು ತಿಂಗಳಾಯಿತು.

ಸಂಜೆ ಟೀಚರ್‌ಗೆ ಫೋನ್ ಮಾಡಿದೆ. “ಮರೆತೇಹೋಗಿದೆ ಕಣಮ್ಮ. ನಿಮ್ಮಕ್ಕನ್ನ ಕೇಳು, ಅವಳಿಗೆ ಬರುತ್ತೆ” ಅಂದರು. “ಸರಿ ಟೀಚರ್, ಕೇಳ್ತೀನಿ” ಅಂದುಬಿಟ್ಟೆ. ಅಳುವೂ ಬರಲಿಲ್ಲ.

ಆಮೇಲೆ ಪಾತ್ರೆ ತೊಳೆಯುತ್ತ ನನ್ನ ಸಾಲು ಹಾಡಿದೆ. ಅವಳ ಸಾಲು ಬಂದಾಗ ನಲ್ಲಿ ನಿಲ್ಲಿಸಿ, ಅಷ್ಟು ಹೊತ್ತು ಕಾದು, ಮತ್ತೆ ನನ್ನದು ಎತ್ತಿಕೊಂಡೆ. ತಾಳ ಎಲ್ಲೂ ತಪ್ಪಲಿಲ್ಲ.