ರಜೆಯಲ್ಲಿ ನೋಡಿದ ಬಿ.ಪಿ.

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀವು ನಗಿಸಿ ಮಾತು ಮರೆಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಾಸ್ಟೆಲ್ ಕನ್ನಡವನ್ನು ಸಹಿಸಿಕೊಳ್ಳಿ.

ರಜೆಗೆ ಬಂದಾಗ ಬೇಕರಿಯ ಹಿಂದಿನ ಕೋಣೆಯಲ್ಲಿ ನಿಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆನಲ್ಲ, ಎಷ್ಟು ಸಲ ನೋಡಿದರೂ ನೂರ ಎಂಬತ್ತು ದಾಟುತ್ತಿತ್ತು. "ನನಗೆ ತಲೆನೋವಿಲ್ಲ, ತಲೆಸುತ್ತಿಲ್ಲ. ನಿಂದು ಕಲಿಯೋ ಕೈ ಮಗಳೇ, ಮೊದಲನೇ ಬ್ರೆಡ್ಡು ಯಾರದ್ದಾದ್ರೂ ಸೀದೇ ಸೀಯುತ್ತೆ" ಅಂದಿರಿ. ನಾನೂ ನಕ್ಕುಬಿಟ್ಟೆ.

ನಿನ್ನೆ ನರ್ಸಿಂಗ್ ಪ್ರಾಕ್ಟಿಕಲ್ ಇತ್ತು. ನಾನು ನೋಡಿದ ಪ್ರತಿ ರೀಡಿಂಗನ್ನೂ ಮೇಡಂ ಮತ್ತೆ ನೋಡಿದರು. ಎಲ್ಲವೂ ತಾಳೆಯಾಯಿತು. "ಮೊದಲಿಂದಲೂ ನಿನ್ನ ಕೈ ಸರಿಯಾಗೇ ಇದೆ" ಅಂದರು. ಗೆಳತಿಯರು ಚಪ್ಪಾಳೆ ತಟ್ಟಿದರು. ನನಗೆ ನಿಮ್ಮ ನೂರ ಎಂಬತ್ತು ನೆನಪಾಯಿತು.

ಬಿ.ಪಿ. ಏರಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲವಂತೆ. ಚಿಕ್ಕಪ್ಪನಿಗೆ ಭಟ್ಟಿ ಒಪ್ಪಿಸಿ, ಇದನ್ನು ಓದಿದ ದಿನವೇ ಡಾಕ್ಟರ ಹತ್ತಿರ ಹೋಗಿ. ಅಮ್ಮನೂ ಬರಲಿ, ಇಲ್ಲದಿದ್ದರೆ ಅರ್ಧ ದಾರಿಯಿಂದ ವಾಪಸಾಗುತ್ತೀರಿ. ಚಹದ ಜೊತೆ ಉಪ್ಪು ಬಿಸ್ಕತ್ತು ಬೇಡ. ಇಷ್ಟು ದೂರದಿಂದ ನನ್ನ ಕೈಲಾಗುವುದು ಬರೆಯುವುದೊಂದೇ.

ಡಾಕ್ಟರು ನೋಡಿ, ನಿಮ್ಮ ಮಗಳಿಗೆ ಏನೂ ಬರುವುದಿಲ್ಲ ಎಂದು ಬೈಯಲಿ. ಅಷ್ಟಾದರೆ ಸಾಕು.

ಇಂತಿ,
ನಿಮ್ಮ ಸೀದ ಬ್ರೆಡ್ಡು