ಗುನುಗಿದ ಸಾಲು

ಫೆಬ್ರವರಿ 3, ಡೆಟ್ರಾಯಿಟ್. ಕಾಫಿ ಹೊತ್ತು

ಓಡೆಸಾ ಅಕ್ಕ, ಮಂಡಿನೋವು ಹೇಗಿದೆ? ಲಮಾಂಟ್ ಭಾವ ಸಕ್ಕರೆ ಬಿಟ್ಟರೋ, ಕದ್ದು ತಿನ್ನುತ್ತಿದ್ದಾರೋ? ವರ್ನೀಸ್‌ಳ ಮಗುವಿನ ಕೆಮ್ಮು? ಫೋನಿನಲ್ಲಿ ನಿನಗೆ ಕಿವಿ ಕೇಳಿಸದು. ಎಂದಿನಂತೆ ಈ ನೋಟ್‌ಬುಕ್ಕಿನಲ್ಲೇ ದಿನಕ್ಕಿಷ್ಟು ಗೀಚುತ್ತೇನೆ. ಹರಿದು ಕಳಿಸುವುದೋ ಬಿಡುವುದೋ, ಆಮೇಲೆ. ನಾನು ಚೆನ್ನಾಗಿದ್ದೇನೆ. ನೆಲಮಾಳಿಗೆ ಮಾತ್ರ ಕೊರೆಯುತ್ತಿದೆ. ಡ್ರಮ್ ಮಶೀನಿಗೆ ಅಮ್ಮನ ಕೌದಿ ಹೊದಿಸಿದ್ದೇನೆ.

ಸುದ್ದಿ ಇದೆ. ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ಮಾರಿಕೊಂಡಿದ್ದ ನನ್ನ ಬೀಟ್‌ಗಳನ್ನು ಚಿಕಾಗೋದ ಸಣ್ಣ ಕಂಪನಿಯೊಂದು ಎಲ್‌ಪಿ ರೆಕಾರ್ಡ್ ಮಾಡುತ್ತದಂತೆ. ಈ ವಯಸ್ಸಿಗೆ ಮೊದಲನೆಯದು! "ರ್‍ಯಾಪ್ ಮಾಡೋರು ಯಾವಾಗ ಬರ್ತಾರೋ?" ಎಂದು ಕೇಳುತ್ತಿದ್ದೆಯಲ್ಲ, ಇದರಲ್ಲೂ ಯಾರೂ ಬರುವುದಿಲ್ಲ. ಬರೀ ಡ್ರಮ್, ಬಾಸ್, ಮತ್ತೆ ಒಬ್ಬ ಹೆಂಗಸಿನ ಗುನುಗು. ಹಳೇ ಚರ್ಚ್ ರೆಕಾರ್ಡಿನಿಂದ ಕತ್ತರಿಸಿಕೊಂಡದ್ದು. ಆಕೆ ಒಪ್ಪಿ ಸಹಿ ಹಾಕಬೇಕಂತೆ. ಆ ಗುನುಗಿನ ಬೀಟ್ ಇಲ್ಲದಿದ್ದರೆ ಎಲ್‌ಪಿಯೇ ಬೇಡವಂತೆ.

ಆಕೆ ಯಾರೆಂದೇ ಗೊತ್ತಿಲ್ಲ! ಆಗೆಲ್ಲ ಒಳ್ಳೆಯ ರೆಕಾರ್ಡ್ ಸಿಕ್ಕರೆ ಮೊದಲು ಬಿಸಿನೀರಲ್ಲಿ ನೆನೆಸಿ ಲೇಬಲ್ ಕಿತ್ತುಬಿಡುತ್ತಿದ್ದೆವು. ಬೇರೆ ಡಿಜೆಗಳು ಇಣುಕಿ ಹೆಸರು ಓದಿಕೊಳ್ಳಬಾರದಲ್ಲ...

ಫೆಬ್ರವರಿ 7

ರೆಕಾರ್ಡ್ ಅಂಗಡಿಯ ಹೋಸಿಯಾ ಬಿದ್ದು ಬಿದ್ದು ನಕ್ಕ. "ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟೆ. ಈಗ ನಿನ್ನಿಂದ್ಲೇ ಬಚ್ಚಿಟ್ಕೊಂಡ್ಯಲ್ಲೋ ಮುದುಕಾ!"

ನಕ್ಕು ಮುಗಿದ ಮೇಲೆ ಭೂತಗನ್ನಡಿ ತಂದ. ರೆಕಾರ್ಡಿನ ಗೆರೆಗಳು ಮುಗಿಯುವಲ್ಲಿ, ಮೊಳೆಯಿಂದ ಗೀಚಿದಂತೆ, ಒಂದು ಚರ್ಚಿನ ಹೆಸರು. ನಮ್ಮೂರಿನದೇ. ಪೂರ್ವದ ಕಡೆಯದು.

ಫೆಬ್ರವರಿ 11, ಭಾನುವಾರ

ಗುನುಗಿದಾಕೆ ಆ ಚರ್ಚಿನಲ್ಲೇ ಸಿಕ್ಕರು. ಐಡೆಲ್ಲಾ ಕ್ರೂಮ್. ಎಂಬತ್ತು ದಾಟಿದೆ. ಚರ್ಚಿನ ಅಡುಗೆಮನೆಯಲ್ಲಿ ಕೋಳಿ ಕರಿಯುತ್ತಿದ್ದರು. ಕ್ಯಾಸೆಟ್ ಹಾಕಿದೆ. ಇಕ್ಕಳ ಹಿಡಿದೇ ನಿಂತುಬಿಟ್ಟರು.

"ಇದಾ? ಇದು ಹಾಡಲ್ಲಪ್ಪಾ. ಮೂರನೇ ಸಾಲು ಮರೆತೋಯ್ತು, ಮ್ಮ್ ಮ್ಮ್ ಅಂದೆ. ಇನ್ನೊಂದ್ಸಲ ಹಾಡ್ಸೋಕೆ ಚರ್ಚಲ್ಲಿ ಕಾಸಿರ್ಲಿಲ್ಲ. ಹಾಗೇ ಅಚ್ಚಾಯ್ತು. ಆಮೇಲೆ ಪಾಸ್ಟರ್ ನನ್ನನ್ನ ಮುಂದೆ ನಿಲ್ಲಿಸ್ಲೇ ಇಲ್ಲ."

"ಅಮ್ಮಾ, ನಂಗೆ ಅದೇ ಇಷ್ಟ."

"ನಿಂಗಿಷ್ಟ, ನಂಗೆ ನಾಚ್ಕೆ. ಇದನ್ನ ಮತ್ತೆ ಊರಿಗೆಲ್ಲ ಕೇಳಿಸ್ತೀಯಾ?"

ಕೋಳಿ ಸೀದಿತು. ಅದಕ್ಕೂ ನನಗೇ ಬೈಗುಳ, ಲೇಬಲ್ ನೆನೆಸಿ ಕಿತ್ತದ್ದನ್ನು ಹೇಳಿದ್ದಕ್ಕೂ. ಕೊನೆಗೆ ಹೇಳಿದರು: "ಸಹಿ ಬೇಕಾ? ಆ ಹಾಡನ್ನ ಪೂರ್ತಿ ಹಾಡ್ತೀನಿ. ಅದನ್ನೂ ಹಾಕು, ಕೊನೇಲಿ, ನಿನ್ನ ಡಬಡಬ ಇಲ್ದೆ. ಲೇಬಲ್ ಮೇಲೆ ನನ್ನ ಹೆಸರು ದೊಡ್ಡದಾಗಿ. ನೀರಲ್ಲಿ ನೆನೆಸಿದ್ರೂ ಬಿಡದಂಥ ಅಂಟು ಹಾಕ್ಸು."

ಫೆಬ್ರವರಿ 15

ಐಡೆಲ್ಲಾ ಬಂದಿದ್ದರು. ಭಾನುವಾರದ ಟೋಪಿ ಹಾಕಿಕೊಂಡು, ನನ್ನ ಮೆಟ್ಟಿಲುಗಳನ್ನು ಬೈಯುತ್ತಾ ಇಳಿದರು. ಮೈಕ್ ಮುಂದೆ ಮೊದಲ ಸಾಲು — ಗಂಟಲಿಗೆ ವಯಸ್ಸಾಗಿದೆ, ಆದರೂ ಅದೇ ದನಿ. ಎರಡನೆಯದು. ಮೂರನೆಯದು... ಮ್ಮ್.

ಕಣ್ಣು ಬಿಟ್ಟರು. "ಆವತ್ತು ರೆಕಾರ್ಡಿಂಗ್ ಮುಗಿಸಿ ಬಸ್ಸಲ್ಲಿ ಮನೆಗೆ ಹೋಗ್ತಾ ನೆನಪಾಗಿತ್ತು ಕಣೋ. ಮತ್ತೆ ಹೋಯ್ತು."

ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಹಿ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಫೆಬ್ರವರಿ 16

ಹಾಡು ಕಟ್ಟಿದ ಪಾಸ್ಟರ್ ಈಗಿಲ್ಲ. ಅದರ ಸಾಲುಗಳು ಯಾವ ಪುಸ್ತಕದಲ್ಲೂ ಇಲ್ಲ. ರೆಕಾರ್ಡಿನಲ್ಲಿ ಆ ಸಾಲಿನ ಜಾಗಕ್ಕೆ ಗುನುಗು ಮಾತ್ರ. ಇವತ್ತು ಪಾಸ್ಟರ್ ಹೆಸರು ಕೇಳಿದೆ — ಟೋಲಿವರ್. ಅಕ್ಕಾ, ಅಲಬಾಮಾಕ್ಕೆ ಹೋಗುವ ಮುಂಚೆ ನೀನು ಹಾಡುತ್ತಿದ್ದುದು ಅವರ ಬಳಿಯೇ ಅಲ್ಲವೇ?

ಈ ಹಾಳೆಗಳನ್ನು ಈಗಲೇ ಹರಿದು ಅಂಚೆಗೆ ಹಾಕುತ್ತೇನೆ. ಹಾಡಿನ ಮೊದಲೆರಡು ಸಾಲು ಈ ಹಾಳೆಯ ಹಿಂಬದಿಯಲ್ಲಿವೆ. ಐಡೆಲ್ಲಾ ಇಲ್ಲೇ ಕೂತಿದ್ದಾರೆ. ಬೀಟ್ ಮೆಲ್ಲಗೆ ಹಾಕಿದ್ದೇನೆ, ಜೊತೆಗೆ ಗುನುಗುತ್ತಿದ್ದಾರೆ. ಮೂರನೆಯದು ನೆನಪಿದ್ದರೆ ಬೇಗ ಬರಿ. ನೆನಪಿಲ್ಲದಿದ್ದರೂ ಬೇಗ ಬರಿ, ನಾನು ಆಮೇಲೆ ಇವರಿಗೆ ಏನಾದರೂ ಹೇಳಬೇಕಲ್ಲ.